ಊರು ಬೇಡ, ಸಂತೆ ಯಾವ ವಾರ ಹೇಳವ್ವಾ

ಮನೋರೋಗದಿಂದ ದಾರಿ ತಪ್ಪಿ, ವರ್ಷಗಟ್ಟಲೆ ಆಶ್ರಯ ಕೇಂದ್ರದಲ್ಲಿ ಉಳಿದವರ ಮನೆ ಹುಡುಕಲು ಪತ್ರಿಕೆಯಲ್ಲಿ ಫೋಟೊ ಹಾಕಿಸಬೇಕು, ಠಾಣೆಗೆ ಪತ್ರ ಬರೆದು ಕಾಯಬೇಕು ಅನ್ನುವುದೇ ನಮ್ಮಲ್ಲಿ ರೂಢಿ. ಸಂತೆಯ ವಾರ ಹಿಡಿದು ಹುಡುಕೋಣ ಅಂದಾಗ ನಮ್ಮ ಕೇಂದ್ರದ ಹಿರಿಯರು ಯಾರೂ ಒಪ್ಪಲಿಲ್ಲ. ಈಗ ನಲವತ್ತರ ಆಸುಪಾಸು ಮಂದಿ ಮನೆ ಮುಟ್ಟಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮನೆ ಸಂತೆಯಿಂದಲೇ ಸಿಕ್ಕಿದ್ದು.

ಊರ ಹೆಸರನ್ನೇ ನಂಬಿ ನಾವು ಕೆಟ್ಟಿದ್ದೇವೆ. ಹಿಂದಿಯವರೊಬ್ಬರು ‘ಬಸ್ತಿ’ ಅಂದರು. ಉತ್ತರ ಪ್ರದೇಶದ ಬಸ್ತಿ ಜಿಲ್ಲೆ ಅಂದುಕೊಂಡು ಎರಡು ತಿಂಗಳು ಫೋನು ಮಾಡಿದೆವು. ಅವರು ಹೇಳಿದ್ದು ಬರೀ ತಮ್ಮ ಕೇರಿಯನ್ನು. ರಾಮಪುರ, ಹೊಸಹಳ್ಳಿ ಅಂದರಂತೂ ಲೆಕ್ಕವೇ ಇಲ್ಲ. ಹೆಂಗಸರು ಮೊದಲು ಹೇಳುವುದು ತವರನ್ನು, ಗಂಡನ ಮನೆಯನ್ನಲ್ಲ. ಬಾಗಲಕೋಟೆ ಕಡೆಯವರು ಹೇಳುವ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ್ದೂ ಇರಬಹುದು. ಅಂಥವರಿಗೆ ನಕಾಶೆ ಬಿಟ್ಟು, ಮುಳುಗಡೆಯವರಿಗಾಗಿ ಕಟ್ಟಿದ ಪುನರ್ವಸತಿ ಊರುಗಳಲ್ಲಿ ವಿಚಾರಿಸಬೇಕು.

ಮಾತ್ರೆ ಶುರುವಾಗಿ ಆರೇಳು ವಾರವಾಗುವ ತನಕ ಏನೂ ಕೇಳುವುದಿಲ್ಲ. ಆಮೇಲೂ ಎದುರು ಕೂರಿಸಿ ಕೇಳಬಾರದು. ಪೊಲೀಸ್ ವಿಚಾರಣೆ ಅಂದುಕೊಂಡು ಬಾಯಿ ಮುಚ್ಚುತ್ತಾರೆ. ಸೊಪ್ಪು ಬಿಡಿಸುವಾಗ, ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು, ‘ಸಂತೆ ಯಾವ ವಾರ? ನಡೆದು ಹೋಗ್ತಿದ್ರೋ, ಬಸ್ಸೋ? ದಾರೀಲಿ ಹೊಳೆ ಸಿಗ್ತಿತ್ತಾ?’ ಇಷ್ಟೇ. ಊರು ಮರೆತವರಿಗೂ ಸಂತೆಯ ವಾರ ನೆನಪಿರುತ್ತದೆ. ಪ್ರತಿವಾರ ಕಾಲು ನಡೆದ ದಾರಿ ಅದು. ಹೇಳಿದ್ದನ್ನು ಕಿವಿಗೆ ಬಿದ್ದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಒಬ್ಬಾಕೆ ಗುರುವಾರಕ್ಕೆ ‘ಬಿಫೆ’ ಅಂದಳು. ನಮ್ಮವರು ಅದನ್ನು ಯಾರದೋ ಹೆಸರೆಂದು ಬರೆದು ಬಿಟ್ಟಿದ್ದರು. ಅದು ಭೋಜಪುರಿ ಮಾತು! ಅಲ್ಲಿಗೆ ಹುಡುಕಾಟ ಪಶ್ಚಿಮ ಬಿಹಾರ, ಪೂರ್ವ ಉತ್ತರ ಪ್ರದೇಶಕ್ಕೆ ಇಳಿಯಿತು. ವಾರ, ಹೊಳೆ, ಹತ್ತಿರದ ರೈಲು ನಿಲ್ದಾಣ ಮೂರೂ ಕೂಡಿದರೆ ನಕಾಶೆಯಲ್ಲಿ ನಾಲ್ಕೈದು ಊರು ಉಳಿಯುತ್ತವೆ.

ಆಮೇಲೆ ಫೋನು. ಠಾಣೆಗಿಂತ ಮೊದಲು ಸಂತೆ ಬೀದಿಯ ಗೊಬ್ಬರದಂಗಡಿಗೆ, ಮೊಬೈಲ್ ಅಂಗಡಿಗೆ. ಗೂಗಲ್ ಮ್ಯಾಪ್‌ನಲ್ಲಿ ನಂಬರು ಸಿಗುತ್ತದೆ, ಸುತ್ತಿನ ಹಳ್ಳಿಯವರೆಲ್ಲ ಅಲ್ಲಿಗೇ ಬರುತ್ತಾರೆ. ಸಿಕ್ಕವರು ನಿಜವಾದ ಮನೆಯವರೇ ಎಂದು ತಿಳಿಯಲು ನಾವು ಕೇಳುವ ಎರಡು ಪ್ರಶ್ನೆ ಇವೆ. ಇಲ್ಲಿ ಬರೆಯುವುದಿಲ್ಲ, ಸುಳ್ಳು ನೆಂಟರೂ ಓದುತ್ತಾರೆ. ಹಳೆಯ ಫೋಟೊ, ರೇಷನ್ ಕಾರ್ಡ್ ತರಿಸಿಕೊಂಡ ಮೇಲೆಯೇ ವಿಡಿಯೊ ಕಾಲ್.

ಆಧಾರ್ ದಾರಿಯನ್ನೂ ನೋಡಿದೆವು. ಹೊಸ ನೋಂದಣಿ ತಿರಸ್ಕಾರವಾದರೆ ಸಂತೋಷಪಡಿ, ಅದೇ ಬೆರಳಚ್ಚಿನ ಹಳೆಯ ಆಧಾರ್, ಅದರಲ್ಲಿ ಮನೆಯ ವಿಳಾಸ ಇರಬಹುದು. ಆದರೆ ಆಧಾರ್ ಸಂಖ್ಯೆ ಕೊಡಲು ಶುರುವಾದದ್ದೇ 2010ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ಮನೆ ಬಿಟ್ಟವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಹಚ್ಚೆಯ ಲಿಪಿ ಓದಿ ಇಬ್ಬರ ಸೀಮೆ ಗೊತ್ತಾಯಿತು. ದೇವಸ್ಥಾನದ ಫೋಟೊ ತೋರಿಸುವುದು ಮಾತ್ರ ದಂಡ, ಎಲ್ಲದಕ್ಕೂ ಕೈ ಮುಗಿಯುತ್ತಾರೆ.

ಖರ್ಚು: ಪತ್ರಿಕೆ ಜಾಹೀರಾತಿಗೆ ಒಂದೇ ವರ್ಷ ಅರವತ್ತು ಸಾವಿರದ ಹತ್ತಿರ ಹೋಯಿತು, ಸಿಕ್ಕಿದ್ದು ಒಂದು ಮನೆ. ಈಗ ತಿಂಗಳ ಫೋನು ಖರ್ಚು ಐನೂರು ದಾಟುವುದಿಲ್ಲ. ದೊಡ್ಡ ಖರ್ಚು ಪ್ರಯಾಣದ್ದು. ಬಿಹಾರಕ್ಕೆ ಸ್ಲೀಪರ್‌ನಲ್ಲಿ ಮೂವರು ಹೋಗಿ ಇಬ್ಬರು ಮರಳಲು, ಊಟ, ಜೀಪು ಸೇರಿ ಒಂಬತ್ತು ಸಾವಿರದಷ್ಟು. ಒಬ್ಬರೇ ಕರೆದೊಯ್ಯುವುದು ಬೇಡ. ರಾತ್ರಿ ಸರದಿಯಲ್ಲಿ ಎಚ್ಚರವಿರಬೇಕು, ಬರ್ತ್ ಬಾಗಿಲ ಬಳಿ ಇರಬಾರದು.

ಅತಿ ದೊಡ್ಡ ತಪ್ಪು ಮಾತ್ರೆಯದು. ಮೊದಮೊದಲು ಒಂದು ತಿಂಗಳ ಮಾತ್ರೆ ಕೊಟ್ಟು ಬಂದೆವು. ತೀರಿದ ಮೇಲೆ ಮನೆಯವರು ತರಲಿಲ್ಲ, ‘ಚೆನ್ನಾಗಿದ್ದಾನಲ್ಲ’ ಅಂದರು. ಮೂವರು ಮತ್ತೆ ಮನೆ ಬಿಟ್ಟರು, ಒಬ್ಬರು ಇಂದಿಗೂ ಸಿಕ್ಕಿಲ್ಲ. ಈಗ ಮೂರು ತಿಂಗಳ ಮಾತ್ರೆ ಜೊತೆಗಿರುತ್ತದೆ. ಮನೆಗಿಂತ ಮೊದಲು ಆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ, ಅಣ್ಣನನ್ನೋ ತಾಯಿಯನ್ನೋ ಅಲ್ಲಿಗೇ ಕರೆಸಿ, ಅವರ ಎದುರೇ ಚೀಟಿ ಮಾಡಿಸುತ್ತೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಅವರ ಫೋನಿನಲ್ಲಿ ನಾವೇ ಉಳಿಸಿಕೊಡುತ್ತೇವೆ.

ಸತ್ತರೆಂದು ತಿಥಿ ಮಾಡಿರುತ್ತಾರೆ, ರೇಷನ್ ಕಾರ್ಡಿನಿಂದ ಹೆಸರು ತೆಗೆಸಿರುತ್ತಾರೆ, ಹೆಂಡತಿ ಬೇರೆ ಮದುವೆಯಾಗಿರುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಕೇಳಿ, ಹೊರಡುವ ಮೊದಲು ಹಿಂತಿರುಗುವವರಿಗೆ ಮೆಲ್ಲಗೆ ತಿಳಿಸಿ. ಅಂಗಳದಲ್ಲಿ ನಿಂತು ತಿಳಿಯುವಂತೆ ಆಗಬಾರದು.

ಮುಟ್ಟುವ ಹೊತ್ತು ಬೆಳಗಿನ ಜಾವವಿರಲಿ, ಆ ದಿನ ಸಂತೆಯಿರದಿರಲಿ. ಒಮ್ಮೆ ಸಂತೆಯ ದಿನವೇ ಹೋದೆವು. ಮುನ್ನೂರು ಜನ ಮುತ್ತಿಕೊಂಡರು, ಆಕೆ ಜೀಪಿನಿಂದ ಇಳಿಯಲೇ ಇಲ್ಲ. ಸಂಜೆ ಜನ ಕರಗಿದ ಮೇಲೆ ತಾಯಿ ಬಂದು ಜೀಪಿನೊಳಗೇ ಕೂತು, ಕೈಯಾರೆ ಅನ್ನ ಕಲಸಿ ತಿನ್ನಿಸಿದ ಮೇಲೆಯೇ ಕಾಲು ಕೆಳಗಿಟ್ಟಳು.