ರಂಗೋಲಿ ಬಿಟ್ಟು ಏಳಲಾಗದ ಆ ಬೆಳಗ್ಗೆಯಿಂದ

ಹೋದ ವರ್ಷ ಯುಗಾದಿಯ ಬೆಳಗ್ಗೆ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಬಿಟ್ಟೆ. ಮುಗಿಸಿ ಏಳಲು ಹೋದರೆ ಆಗಲಿಲ್ಲ. ನೋವಿಲ್ಲ, ತಲೆಸುತ್ತಿಲ್ಲ, ತೊಡೆಯಲ್ಲಿ ಕಸುವೇ ಇಲ್ಲ. ಹೊಸ್ತಿಲು ಹಿಡಿದು ನೋಡಿದೆ, ಕೊನೆಗೆ ಸೊಸೆಯನ್ನು ಕೂಗಿದೆ. ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದವಳು, "ಅತ್ತೆ, ಎಷ್ಟು ಹಗುರ ಆಗ್ಬಿಟ್ಟಿದ್ದೀರಿ" ಅಂದಳು. ಅವಳ ದನಿಯಲ್ಲಿ ಗಾಬರಿಯಿತ್ತು.

ನನಗೀಗ 72 ವರ್ಷ, ಸಕ್ಕರೆ ಕಾಯಿಲೆಗೆ 18. ಪಾಂಡವಪುರದ ಕಡೆ ಪ್ರೈಮರಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆಗ ನನ್ನ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 6.4 ಇತ್ತು. ಆ ಅಂಕಿ ಕಾಪಾಡಿಕೊಳ್ಳಲು ರಾತ್ರಿ ಒಂದೇ ಚಪಾತಿ, ನೀರು ಮಜ್ಜಿಗೆ. ಎರಡು ವರ್ಷದಲ್ಲಿ 58 ಕೆಜಿಯಿಂದ 51ಕ್ಕೆ ಇಳಿದಿದ್ದೆ. ಕರಗಿದ್ದು ಕೊಬ್ಬು ಅಂದುಕೊಂಡಿದ್ದೆ. ಕರಗಿದ್ದರಲ್ಲಿ ತೊಡೆಯ ಮಾಂಸಖಂಡವೂ ಇತ್ತು. ಉಂಡ ಊಟದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಅದೇ ಮಾಂಸಖಂಡ ಎಂದು ಡಾಕ್ಟರು ಬಿಡಿಸಿ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಅವರು ಮೊದಲು ಮಾಡಿದ್ದು ಮಾತ್ರೆ ಬದಲಿಸುವುದು. ಅದಕ್ಕೆ ಕಾರಣವಿತ್ತು. ಒಂದು ಶನಿವಾರ ಒಪ್ಪತ್ತು ಮಾಡುತ್ತಾ, ಬೆಳಗಿನ ಮಾತ್ರೆ ಮಾತ್ರ ನುಂಗಿ ಸಂತೆಗೆ ಹೋಗಿದ್ದೆ. ತರಕಾರಿಯವಳಿಗೆ ದುಡ್ಡು ಎಣಿಸಿ ಕೊಡಲು ಆಗಲಿಲ್ಲ. ಬೆವರು ಕಿತ್ತುಕೊಂಡು ಬಂತು, ಮಾತು ತೊದಲಿತು. ಜೊತೆಗಿದ್ದ ಸೊಸೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದಳು, ಕಾಲು ಗಂಟೆಗೆ ಸುಧಾರಿಸಿಕೊಂಡೆ. ವಯಸ್ಸಾದವರಲ್ಲಿ ಶುಗರ್ ಇಳಿದರೆ ಮನೆಯವರು ಅರಳುಮರಳು ಅಂದುಕೊಳ್ಳುವುದುಂಟು. ನನ್ನಂಥವರಿಗೆ ಎಚ್‌ಬಿಎ1ಸಿ 7ರಿಂದ 7.5 ಇದ್ದರೆ ಸಾಕು, ಬಿದ್ದು ಸೊಂಟ ಮುರಿದುಕೊಳ್ಳುವುದು ಅದಕ್ಕಿಂತ ಕೆಟ್ಟದ್ದು ಎಂದರು ಡಾಕ್ಟರು. ಒಪ್ಪತ್ತು ಬಿಟ್ಟೆ. ದೇವರು ತಪ್ಪು ತಿಳಿಯುವುದಿಲ್ಲ.

ಊಟದ ಲೆಕ್ಕ ಹಾಕಿದಾಗ ನನ್ನ ತಪ್ಪು ಸಿಕ್ಕಿದ್ದು ಬಸ್ಸಾರಿನಲ್ಲಿ. ಹುರುಳಿಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳು-ಸೊಪ್ಪು ಪಲ್ಯವಾಗುತ್ತದೆ. ಹಲ್ಲು ಸರಿಯಿಲ್ಲವೆಂದು ನಾನು ಸಾರಲ್ಲಿ ಮುದ್ದೆ ಅದ್ದಿ ನುಂಗಿ, ಪಲ್ಯವನ್ನೆಲ್ಲ ಮಕ್ಕಳಿಗೆ ಬಿಡುತ್ತಿದ್ದೆ. ಪ್ರೋಟೀನು ಹೆಚ್ಚುಕಡಿಮೆ ಪೂರ್ತಿ ಆ ಪಲ್ಯದಲ್ಲಿ! ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಬೇರೆ. ರಾಗಿಯಲ್ಲಿ ನಾರು, ಸುಣ್ಣದಂಶ ಅಕ್ಕಿಗಿಂತ ಎಷ್ಟೋ ಹೆಚ್ಚು, ಅದು ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ 60 ಗ್ರಾಮಿಗಿಂತ ಹೆಚ್ಚು ಪಿಷ್ಟವೇ. ಮನೆಯ ಶುಗರ್ ಮೀಟರಿನಲ್ಲೇ ನೋಡಿದೆ. ಇಡೀ ಮುದ್ದೆ, ತಿಳಿಸಾರು ಉಂಡ ಎರಡು ಗಂಟೆಗೆ 214. ಅರ್ಧ ಮುದ್ದೆ, ಒಂದು ಬಟ್ಟಲು ಕಾಳುಪಲ್ಯ ಉಂಡ ದಿನ 168.

ಈಗ ಕಾಳನ್ನು ರಾತ್ರಿಯೇ ನೆನೆಸಿ, ಕುಕ್ಕರಿನಲ್ಲಿ ಎರಡು ಸೀಟಿ ಜಾಸ್ತಿ ಕೂಗಿಸುತ್ತೇವೆ, ಬೆರಳಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಆಗಬೇಕು. ಬೆಳಗ್ಗೆ ತಿಂಡಿ ಜೊತೆ ಒಂದು ಮೊಟ್ಟೆ, ಮಧ್ಯಾಹ್ನ ಗಟ್ಟಿ ಮೊಸರು, ರಾತ್ರಿ ಒಂದು ಲೋಟ ಹಾಲು. ಕೆಜಿ ತೂಕಕ್ಕೆ ದಿನಕ್ಕೆ ಒಂದು ಗ್ರಾಮಿಗಿಂತ ತುಸು ಹೆಚ್ಚು ಪ್ರೋಟೀನು ಎಂದು ನನಗೆ ಹೇಳಿದ್ದರು, ಅಂದರೆ 50ರಿಂದ 60 ಗ್ರಾಂ. ಅದಕ್ಕೆ ಮೊದಲು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ ಮಾಡಿಸಿ ಮೂತ್ರಪಿಂಡ ಸರಿಯಿದೆಯೇ ನೋಡಿದರು. ಅದನ್ನು ಮಾಡಿಸದೆ ಯಾರೂ ಪ್ರೋಟೀನು ಹೆಚ್ಚಿಸಬೇಡಿ.

ಇನ್ನು ಕುರ್ಚಿಯ ವಿಷಯ. ಫಿಸಿಯೋಥೆರಪಿ ಹುಡುಗಿ, "ಅಮ್ಮಾ, ಕೈ ಎದೆ ಮೇಲೆ ಕಟ್ಕೊಳಿ, 30 ಸೆಕೆಂಡಲ್ಲಿ ಎಷ್ಟು ಸಲ ಎದ್ದು ಕೂರ್ತೀರೋ ನೋಡೋಣ" ಅಂದಳು. ಆರು ಸಲ. ನನ್ನ ವಯಸ್ಸಿನ ಹೆಂಗಸರು ಹತ್ತಕ್ಕಿಂತ ಕಡಿಮೆ ಮಾಡಿದರೆ ಕಾಲು ಸೋತಿದೆ, ಬೀಳುವ ಭಯವಿದೆ ಎಂದು ಲೆಕ್ಕ.

ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶುರು ಮಾಡಿದೆ, ಅದು ರೆಡ್ ಆಕ್ಸೈಡ್ ನೆಲದ ಮೇಲೆ ಜಾರಿತು. ನಮ್ಮವರ ಹಳೇ ತೇಗದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟೆ. ಹೊತ್ತಿಗೆ ಐದು ಸಲ, ದಿನಕ್ಕೆ ಮೂರು ಹೊತ್ತು, ಮೊದಲ ತಿಂಗಳು ಕೈಯೂರಿ. ಏಳುವುದಕ್ಕಿಂತ ಕೂರುವುದೇ ಕಷ್ಟ. ದೊಪ್ಪನೆ ಬೀಳದೆ, ಮೂರು ಎಣಿಸುತ್ತಾ ಇಳಿಯಬೇಕು. ತೊಡೆಗೆ ಕೆಲಸ ಬೀಳುವುದೇ ಅಲ್ಲಿ. ಹಾಲು ಕಾಯುವಷ್ಟು ಹೊತ್ತು ಅಡಿಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಆಮೇಲೆ ಕಿಟಕಿ ಸರಳು ಹಿಡಿದು ಒಂಟಿಕಾಲಲ್ಲಿ ನಿಲ್ಲುತ್ತೇನೆ. ಬೆಳಗ್ಗೆ ಒಟ್ಟಿಗೆ ಮುಕ್ಕಾಲು ಗಂಟೆ ನಡೆಯುವುದನ್ನು ಬಿಟ್ಟು ಮೂರೂ ಊಟದ ಮೇಲೆ ಕಾಲು ಗಂಟೆ ಅಂಗಳದಲ್ಲಿ ತಿರುಗುತ್ತೇನೆ. ಊಟವಾದ ಮೇಲಿನ ಏರಿಕೆ ತಗ್ಗಿದ್ದು ಅದರಿಂದ. ಬರಿಗಾಲಲ್ಲಿ ಮಾತ್ರ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿ, ಹಿಂದೊಮ್ಮೆ ಜಾಲಿಮುಳ್ಳು ಹೊಕ್ಕಿದ್ದೇ ನನಗೆ ತಿಳಿದಿರಲಿಲ್ಲ, ಹೇಳಿದ್ದು ನೆಲದ ಮೇಲಿನ ರಕ್ತ.

ಎಂಟು ತಿಂಗಳಾದ ಮೇಲೆ ಮೊಮ್ಮಗ ಮೊಬೈಲು ಹಿಡಿದು ಎಣಿಸಿದ. "ಅಜ್ಜಿ, ಹನ್ನೆರಡು!" ತೂಕ 53. ಎಚ್‌ಬಿಎ1ಸಿ 7.1, ಏರಿದೆ, ನನಗೂ ಡಾಕ್ಟರಿಗೂ ಸಮಾಧಾನವೇ. ಈ ಯುಗಾದಿಗೆ ರಂಗೋಲಿ ಬಿಟ್ಟು ಒಬ್ಬಳೇ ಎದ್ದೆ, ಮೊಣಕಾಲ ಮೇಲೆ ಒಂದು ಕೈಯೂರಿ. ಆ ಕೈಯನ್ನೂ ಬಿಡಿಸಬೇಕೆಂದು ಈಗ ಅಡ್ಡಮಣೆ ಮೇಲೆ ಇನ್ನೊಂದು ಮಣೆ ಇಟ್ಟುಕೊಂಡು ಎದ್ದು ಕೂರುವುದನ್ನು ಶುರು ಮಾಡಿದ್ದೇನೆ. ಸದ್ಯಕ್ಕೆ ಎರಡು ಸಲ ಆಗುತ್ತದೆ, ಸೊಸೆ ಪಕ್ಕದಲ್ಲಿ ನಿಂತಿರುತ್ತಾಳೆ.