ಬ್ಲೈತ್‌ಬರೊ ಚರ್ಚ್, ಒಂದು ಕನ್ನಡಿ, ನನ್ನ ಕುತ್ತಿಗೆ ನೋವು

ಇಂಗ್ಲೆಂಡಿನ ಸಫೋಕ್‌ನಲ್ಲಿರುವ ಬ್ಲೈತ್‌ಬರೊ ಸಣ್ಣ ಹಳ್ಳಿ. ಅಲ್ಲಿನ ಹೋಲಿ ಟ್ರಿನಿಟಿ ಚರ್ಚ್ ಮಾತ್ರ ಊರಿನ ಅಳತೆಗೆ ತೀರಾ ದೊಡ್ಡದು. ಬಹುಪಾಲು 15ನೇ ಶತಮಾನದ ಕಟ್ಟಡ. ಮೊದಲ ಸಲ ಹೋದಾಗ ಸುಮ್ನೆ ಇನ್ನೂರು ಫೋಟೊ ಹೊಡೆದುಕೊಂಡು ಬಂದೆ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಎರಡನೇ ಸಲ ಪೆನ್ಸಿಲ್, ನೋಟ್‌ಬುಕ್, ಟಾರ್ಚ್ ಹಿಡಿದುಕೊಂಡು ಹೋದೆ. ಜೊತೆಗೆ ಗಡ್ಡ ಹೆರೆಯುವಾಗ ಬಳಸುವ ಕನ್ನಡಿ.

ಕನ್ನಡಿ ಚಾವಣಿಗಾಗಿ. ತೊಲೆಗಳ ಮಧ್ಯದಲ್ಲಿ ಮರದ ದೇವದೂತರು ರೆಕ್ಕೆ ಬಿಚ್ಚಿ ಸಾಲಾಗಿದ್ದಾರೆ. ಗೋಡೆಯ ಮೇಲ್ಭಾಗದಲ್ಲಿ ಎರಡೂ ಕಡೆ 18 ಕಿಟಕಿ ಇವೆ, ಹಾಗಾಗಿ ಬೆಳಕಿಗೆ ಬರ ಇಲ್ಲ. ಆದರೆ ಹತ್ತು ನಿಮಿಷ ತಲೆ ಎತ್ತಿ ನೋಡಿದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕನ್ನಡಿಯನ್ನು ಬೆಂಚಿನ ಮೇಲಿಟ್ಟು, ಬಗ್ಗಿ ನೋಡುತ್ತಾ ಚಿತ್ರ ಬರೆದೆ. ಖುಷಿಯಾಗಿ ಮನೆಗೆ ಬಂದು ಹಳೇ ಫೋಟೊ ಪಕ್ಕ ಇಟ್ಟರೆ, ಎಡದ ರೆಕ್ಕೆ ಬಲಕ್ಕೆ! ಕನ್ನಡಿ ಅಲ್ವಾ, ಇಷ್ಟೂ ಹೊಳೆಯಬಾರದಾ? ಎಲ್ಲವನ್ನೂ ಮತ್ತೆ ಬರೆದೆ.

ಟಾರ್ಚ್ ವಿಷಯದಲ್ಲೂ ಮೊದಲು ಎಡವಿದೆ. ಬೆಂಚುಗಳ ತುದಿಯಲ್ಲಿ ಮಾಡಬಾರದ ಪಾಪಗಳನ್ನು ಮನುಷ್ಯರ ರೂಪದಲ್ಲಿ ಕೆತ್ತಿದ್ದಾರೆ. ಸೋಮಾರಿ ಹಾಸಿಗೆಯಲ್ಲೇ ಕೂತಿದ್ದಾನೆ, ಜಿಪುಣ ಹಣದ ಪೆಟ್ಟಿಗೆ ಮೇಲೆ ಕೂತಿದ್ದಾನೆ, ಹೊಟ್ಟೆಬಾಕನ ಹೊಟ್ಟೆ ಉಬ್ಬಿದೆ, ಚಾಡಿಕೋರ ನಾಲಿಗೆ ಚಾಚಿದ್ದಾನೆ. ಎದುರಿನಿಂದ ಬೆಳಕು ಬಿಟ್ಟರೆ ಎಲ್ಲವೂ ಚಪ್ಪಟೆ. ಟಾರ್ಚನ್ನು ಪಕ್ಕಕ್ಕೆ, ಮರಕ್ಕೆ ಹೆಚ್ಚುಕಡಿಮೆ ತಾಗುವಂತೆ ಹಿಡಿದೆ. ಸವೆದ ಮುಖಗಳ ಮೇಲೂ ನೆರಳು ಎದ್ದು, ಹಾಸಿಗೆ ಹಾಸಿಗೆಯಂತೆಯೇ ಕಂಡಿತು. ನನಗೆ ಜಾಸ್ತಿ ಹಿಡಿಸಿದ್ದು ಆ ಸೋಮಾರಿಯೇ. ಸೋಮವಾರ ಬೆಳಿಗ್ಗೆಯ ನನ್ನ ಥರವೇ ಇದ್ದಾನೆ.

ಅದೇ ಬೆಳಕನ್ನು ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಗೆ ಹಿಡಿದರೆ ಅಲ್ಲಿ ಚಿತ್ರವೇ ಇಲ್ಲ, ಕೆತ್ತನೆಯನ್ನು ಕಡಿದುಹಾಕಿದ್ದಾರೆ. ವಿಗ್ರಹ ಒಡೆಸುತ್ತಾ ತಿರುಗಿದ ವಿಲಿಯಂ ಡೌಸಿಂಗ್ ಇಲ್ಲಿಗೆ ಬಂದದ್ದು 1644ರಲ್ಲಿ. ಅವನ ಕಡೆಯವರು ದೇವದೂತರಿಗೂ ಗುಂಡು ಹಾರಿಸಿದ್ದರು ಅಂತ ಒಂದು ಕಥೆ ಇದೆ. ನಾನೂ ನಂಬಿ, ಕರೆದುಕೊಂಡು ಹೋದ ಗೆಳೆಯರಿಗೆಲ್ಲ ಕೈ ಬೀಸಿ ಬೀಸಿ ಹೇಳಿದ್ದೆ. ಆಮೇಲೆ ಗೊತ್ತಾಯಿತು, ದುರಸ್ತಿ ಮಾಡುವಾಗ ಮರದಲ್ಲಿ ಸಿಕ್ಕ ಸೀಸದ ಗುಂಡುಗಳು 18ನೇ ಶತಮಾನದವಂತೆ. ಚಾವಣಿಯಲ್ಲಿ ಸೇರಿಕೊಂಡ ಜಾಕ್‌ಡಾ ಅನ್ನೋ ಕಾಗೆಗಳನ್ನು ಓಡಿಸಲು ಚರ್ಚಿನವರೇ ಹೊಡೆಸಿದ್ದು! ಗೆಳೆಯರಿಗೆ ಫೋನ್ ಮಾಡಿ ತಿದ್ದಿಕೊಳ್ಳಬೇಕಾಯಿತು.

ಕೊನೆಗೆ ಉತ್ತರದ ಬಾಗಿಲಿನ ಸುಟ್ಟ ಗುರುತುಗಳನ್ನು ಬರೆದೆ. 1577ರ ಆಗಸ್ಟ್ 4ರ ಬಿರುಗಾಳಿಯ ದಿನ ಚರ್ಚಿಗೆ ನುಗ್ಗಿದ ದೆವ್ವದ ಕರಿನಾಯಿ, ಬ್ಲ್ಯಾಕ್ ಶಕ್, ಪರಚಿದ್ದು ಅಂತ ಊರಿನ ಮಾತು. ಈ ಸಲ ಯಾರಿಗೂ ಏನೂ ಹೇಳಲಿಲ್ಲ. ಚಿತ್ರದ ಕೆಳಗೆ ‘ನಾಯಿ?’ ಅಂತ ಬರೆದು ಪುಸ್ತಕ ಮುಚ್ಚಿದೆ.