ಭುಜ ಹಿಡಿದುಕೊಂಡಿದೆಯಾ? ಮೊದಲು ಕೈ ಸಡಿಲ ಬಿಡುವುದನ್ನು ಕಲಿಯಿರಿ

ನಮ್ಮಮ್ಮನಿಗೆ ಮೊದಲು ಗೊತ್ತಾಗಿದ್ದು ಬ್ಲೌಸ್ ಹಾಕಿಕೊಳ್ಳುವಾಗ. ಎಡಗೈ ಹಿಂದಕ್ಕೆ ಹೋಗಲೇ ಇಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲೂ ಆಗುತ್ತಿರಲಿಲ್ಲ. ಪಕ್ಕದ ಮನೆಯವರು ವಾಯು ಅಂದರು, ಸಂಧಿವಾತ ಅಂದರು. ಕೊನೆಗೆ ನೋಡಿದರೆ ಫ್ರೋಜನ್ ಶೋಲ್ಡರ್. ಭುಜದ ಕೀಲಿನ ಸುತ್ತ ಇರುವ ಪೊರೆ ಊದಿಕೊಂಡು, ದಪ್ಪವಾಗಿ, ಬಿಗಿದುಬಿಡುತ್ತದೆ. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಿಗೆ, ಶುಗರ್ ಇರುವವರಿಗೆ ಜಾಸ್ತಿ.

ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಕೀಲು ಸವೆದಿದ್ದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಫ್ರೋಜನ್ ಶೋಲ್ಡರ್ ಆದರೆ ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗೇ ಬರುತ್ತದೆ. ಬೇರೆಯವರು ಎತ್ತಿದರೆ ಕೈ ಮೇಲೆ ಹೋಗುತ್ತದೆ, ನಿಮಗೇ ಎತ್ತಲು ಆಗಲ್ಲ ಅಂದರೆ ಒಳಗಿನ ಸ್ನಾಯು ಹರಿದಿರಬಹುದು. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ವ್ಯಾಯಾಮಕ್ಕೆ ಮುಂಚೆ ಹತ್ತು ನಿಮಿಷ ಬಿಸಿ ಶಾಖ ಕೊಡಿ. ಟವೆಲ್ ಸುತ್ತಿದ ಬಿಸಿನೀರಿನ ಬ್ಯಾಗ್ ಸಾಕು.

ಆಮೇಲೆ ಕೈ ತೂಗಾಡಿಸುವುದು. ನಾನು ನೋಡಿದವರೆಲ್ಲ ಎಡವುವುದು ಇಲ್ಲೇ. ಸರಿಯಿರುವ ಕೈಯನ್ನು ಮೇಜಿನ ಮೇಲೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಬಾವಿಗೆ ಬಿಟ್ಟ ಹಗ್ಗದ ಹಾಗೆ ಇಳಿಬಿಡಿ. ಒಂದು ಕಾಲು ಮುಂದೆ, ಒಂದು ಹಿಂದೆ. ಈಗ ಕೈ ಆಡಿಸಬೇಡಿ, ಮೈ ಆಡಿಸಿ. ಭಾರವನ್ನು ಮುಂದಿನ ಕಾಲಿಗೆ, ಮತ್ತೆ ಹಿಂದಿನ ಕಾಲಿಗೆ ಹಾಕುತ್ತಿದ್ದರೆ ಕೈ ತಾನಾಗಿಯೇ ತೂಗುತ್ತದೆ. ಅಮ್ಮ ಮೊದಲ ವಾರವೆಲ್ಲ ಮುಷ್ಟಿ ಬಿಗಿದು, ಹೆಗಲನ್ನು ಕಿವಿಯವರೆಗೆ ಏರಿಸಿಕೊಂಡು, ಬಲ ಹಾಕಿ ಬೀಸುತ್ತಿದ್ದರು. ಹೆಗಲ ಮೇಲೆ ಬೆರಳಿಟ್ಟರೆ ಕಲ್ಲು ಮುಟ್ಟಿದ ಹಾಗಿತ್ತು. ನಿಧಾನಕ್ಕೆ ಉಸಿರು ಬಿಡಮ್ಮ ಅಂದೆ. ಸಡಿಲ ಬಿಟ್ಟ ಕೂಡಲೇ ಗಾಜಿನ ಬಳೆಗಳು ಜಾರಿ ಮಣಿಕಟ್ಟಿಗೆ ಬಂದು ನಿಂತವು. ಅಷ್ಟು ಸಡಿಲ ಇರಬೇಕು. ಆಮೇಲೆ ಒಂದಡಿ ಅಗಲದ ಸುತ್ತು, ಆ ಕಡೆ ಹತ್ತು, ಈ ಕಡೆ ಹತ್ತು. ತಲೆ ಸುತ್ತಿದರೆ ನಿಲ್ಲಿಸಿ.

ಮುಂದಿನದು ಸುಲಭ: ಗೋಡೆ ಮೇಲೆ ಬೆರಳು ನಡೆಸುತ್ತಾ ಮೇಲೇರಿ, ತಲುಪಿದಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಹೆಗಲು ಎತ್ತಿ ಅಥವಾ ಪಕ್ಕಕ್ಕೆ ವಾಲಿ ಏರಿಸಿದ್ದು ಲೆಕ್ಕಕ್ಕಿಲ್ಲ. ಎಳೆದ ಹಾಗೆ ಅನಿಸಿದರೆ ಪರವಾಗಿಲ್ಲ, ಮಾಡಿ ಮುಗಿಸಿದ ಮೇಲೂ ತುಂಬಾ ಹೊತ್ತು ನೋವು ಉಳಿದರೆ ಮಾರನೇ ದಿನ ಕಡಿಮೆ ಮಾಡಿ.

ಎಣ್ಣೆ ಹಚ್ಚಿ ನೀವಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಕೈ ಹಿಡಿದು ಜಗ್ಗುವವರ ಹತ್ತಿರ ದಯವಿಟ್ಟು ಹೋಗಬೇಡಿ. ಅಯಸ್ಕಾಂತದ ಪಟ್ಟಿಗೆ ದುಡ್ಡು ಸುರಿಯಬೇಡಿ. ನೋವು ಅಂತ ದಿನವಿಡೀ ಕೈ ಕಟ್ಟಿಕೊಂಡು ಕೂತರೆ ಇನ್ನಷ್ಟು ಬಿಗಿಯುತ್ತದೆ. ಮೆಡಿಕಲ್ ಶಾಪಿನಿಂದ ನೀವೇ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು.

ಭುಜದ ಬಿಗಿತ ಪೂರ್ತಿ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ತಿಂಗಳುಗಟ್ಟಲೆ ವ್ಯಾಯಾಮ ಮಾಡಿಯೂ ಬಿಡದಿದ್ದರೆ ಮಾತ್ರ ಆಪರೇಷನ್ ಮಾತು. ಶುರುವಿನಲ್ಲೇ ನೋವು ತಡೆಯಲಾಗದಿದ್ದರೆ ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಹೆದರಬೇಡಿ. ಶುಗರ್ ಇದ್ದರೆ ಮೊದಲೇ ಹೇಳಿ, ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಮನೆಯಲ್ಲೇ ದಿನಾ ಚೆಕ್ ಮಾಡಿಕೊಳ್ಳಿ.